ಲೇತ್ ಮುಂದೆ ಬಿಚ್ಚಿದ ಹೀಲ್ಸ್

೧೨ ಡಿಸೆಂಬರ್, ಶುಕ್ರವಾರ

ಫ್ಯಾಷನ್ ಪತ್ರಿಕೆಗೆ ನಾನು ತೆಗೆಯಬೇಕಿದ್ದ ಮೊದಲ ಮುಖಪುಟದ ಫೋಟೊ ಇವತ್ತು ಇನ್ನೇನು ಕೈತಪ್ಪುವುದರಲ್ಲಿತ್ತು.

ಶೂಟಿಂಗಿಗೆಂದು ಆರಿಸಿದ್ದ ಪೀಣ್ಯದ ಕಾರ್ಖಾನೆಗೆ ಮೊದಲೇ ಮೂರು ಸಲ ಹೋಗಿ, ಸೂರ್ಯದೇವರು ನಾಲ್ಕೂವರೆಗೆ ಕಬ್ಬಿಣ ಕಡೆಯುವ ಲೇತ್ ಮಷಿನ್ನಿನ ಮೇಲೆ ದರ್ಶನವಿತ್ತು ಹದಿನೈದೇ ನಿಮಿಷದಲ್ಲಿ ನಿರ್ಗಮಿಸುತ್ತಾರೆಂದು ಸಂಶೋಧಿಸಿದ್ದೆ. ಹದಿನಾಲ್ಕು ಫ್ರೇಮುಗಳ ಚಿತ್ರ ಬರೆದಿಟ್ಟಿದ್ದೆ. ಶುಕ್ರವಾರದ ಮಷಿನ್ ಪೂಜೆಯನ್ನು ಮಾತ್ರ ಮರೆತಿದ್ದೆ.

ಬೆಳಕು ಬಿತ್ತು. ಕೆಂಪು ಗೌನು, ಹೀಲ್ಸ್ ತೊಟ್ಟ ಮಾಡೆಲ್ ಸಿಂಚನಾ ಲೇತಿನ ಬಳಿ ಬಂದಳು. ಅದನ್ನು ನಡೆಸುವ ಭೀಮಪ್ಪಣ್ಣ ಗುಡುಗಿದರು: “ಏ ತಂಗಿ, ಈಗಷ್ಟ ಪೂಜಿ ಮಾಡೇನಿ. ಚಪ್ಪಲಿ ಬಿಟ್ಟು ಬಾ!”

“ಅಣ್ಣ, ಹೀಲ್ಸ್ ಇಲ್ದಿದ್ರೆ ಗೌನ್ ನೆಲ ಗುಡ್ಸತ್ತೆ,” ಎಂದೆ.

“ಗುಡಸ್ಲಿ ಬಿಡು, ನಮಗೊಂದು ಕೆಲಸ ಕಮ್ಮಿ.”

ಸಿಂಚನಾಗೆ ನಗು ತಡೆಯಲಾಗಲಿಲ್ಲ. ಭೀಮಪ್ಪಣ್ಣನ ಹೆಗಲು ಹಿಡಿದು, ಒಂಟಿಕಾಲಲ್ಲಿ ನಿಂತು, ನಗುತ್ತಲೇ ಹೀಲ್ಸ್ ಕಳಚತೊಡಗಿದಳು. ನಾನು ಕ್ಲಿಕ್ಕಿಸಿದೆ, ಕ್ಲಿಕ್ಕಿಸಿದೆ, ಬೆಳಕು ಹೋಗುವವರೆಗೂ ಕ್ಲಿಕ್ಕಿಸಿದೆ.

ಸಂಪಾದಕಿ ಮಂಜುಶ್ರೀ ಮೇಡಂ ಕ್ಯಾಮೆರಾದಲ್ಲಿ ನೋಡಿ, “ಇದೇ ಕವರ್ ಕಣೋ! ಹೇಗೆ ಹೊಳೀತು?” ಎಂದರು.

“ಎಲ್ಲವೂ ಪೂರ್ವಯೋಜಿತ, ಮೇಡಂ,” ಎಂದು ಗಂಭೀರವಾಗಿ ನುಡಿದೆ.

“ಏನ್ ತಮ್ಮಾ, ನಾ ಬೈಯೋದನ್ನೂ ನೀನ ಹೇಳಿಕೊಟ್ಟಿದ್ದೇನು?” ಎಂದರು ಭೀಮಪ್ಪಣ್ಣ.

ಆ ಚಿತ್ರದಲ್ಲಿ ಅವರ ಅರ್ಧ ಮೀಸೆಯೂ ಇದೆ. ನಾಳೆ ಒಪ್ಪಿಗೆ ಕೇಳಬೇಕು. ಇನ್ನರ್ಧ ಮೀಸೆ ಎಲ್ಲಿ ಎಂದು ಅವರು ಕೇಳಿಬಿಟ್ಟರೆ…