ಕೆಟ್ಟದ್ದು ಎಂದು ಬರೆದ ಕೈ

ಚಿಕ್ಕಮಗಳೂರು
೧೯ ಜನವರಿ ೨೦೨೫

ಉಮಾಮಹೇಶ್ವರ ಅವರಿಗೆ,

ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ಇವತ್ತು ಬೇರೆ ಯಾವ ಸಂಬೋಧನೆಯೂ ಕೈಗೆ ಬರಲಿಲ್ಲ.

ನಿಮ್ಮ ಬೀಳ್ಕೊಡುಗೆಯ ಆಹ್ವಾನಪತ್ರಿಕೆ ತಲುಪಿತು. ‘ನೀತಿವಂತ ಮುಖ್ಯೋಪಾಧ್ಯಾಯರು, ನಿಷ್ಕಳಂಕ ಸೇವೆ’ ಎಂದು ಅಚ್ಚು ಹಾಕಿಸಿದ್ದಾರೆ. ನಾನು ವೇದಿಕೆಯಲ್ಲಿ ನಿಮ್ಮ ಪಕ್ಕ ಕೂರಬೇಕು, ನಾಲ್ಕು ಮಾತಾಡಬೇಕು, ಇಲ್ಲದಿದ್ದರೆ ಜನ ಏನಂದುಕೊಂಡಾರು ಎಂದು ಬರೆದಿದ್ದೀರಿ. ಬೇರೆಯಾದ ಈ ಐದು ವರ್ಷದಲ್ಲಿ ನೀವು ಬರೆದ ಮೊದಲ ಕಾಗದ. ನಾನು ಬರುವುದಿಲ್ಲ. ಆ ನಾಲ್ಕು ಮಾತು ಇಲ್ಲೇ ಇವೆ.

ನಾನು ಕೆಲಸ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ವಾರ ಕಾಫಿ ಬೀಜ ಆರಿಸಲು ಹೊಸ ಹೆಂಗಸರು ಬಂದರು. ಹಾಜರಿ ಪುಸ್ತಕಕ್ಕೆ ಹೆಸರು ಬರೆದುಕೊಳ್ಳುತ್ತಿದ್ದೆ. ಒಬ್ಬಳು ಮೇಘಶ್ರೀ ಎಂದಳು. ಎಷ್ಟು ಓದಿದ್ದೀಯಮ್ಮ ಎಂದು ತಲೆ ಎತ್ತದೆ ಕೇಳಿದೆ.

“ಒಂಬತ್ತನೇ ಕ್ಲಾಸು. ನಿಮಗೇ ಗೊತ್ತಲ್ಲ ಮೇಡಂ.”

ನೆನಪಾಯಿತೇ? ಎಸ್ಟೇಟ್ ಕೆಲಸದ ದೇವೀರಮ್ಮನ ಮಗಳು. ಎಂಟು ವರ್ಷದ ಹಿಂದೆ ನಿಮ್ಮ ಕೋಣೆಗೆ ಬಂದು, ಶಾಲೆಯ ಅಧ್ಯಕ್ಷ ಚಂದ್ರಶೇಖರಪ್ಪನವರು ಬಹುಮಾನದ ಕಪ್ಪು ಎತ್ತಿಡಲು ಕರೆದು ಬಾಗಿಲ ಚಿಲಕ ಹಾಕಿಕೊಂಡರು ಎಂದು ಹೇಳಿದವಳು. ಆಗ ಶಾಲೆಯ ಗುಮಾಸ್ತೆಯಾಗಿದ್ದ ನಾನು ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದೆ. ಅವಳನ್ನು ಹೊರಗೆ ಕಳಿಸಿ ನೀವು ಅಂದದ್ದು, “ನಡತೆಗೆಟ್ಟ ಹುಡುಗಿ. ಇದೊಂದು ಇಡೀ ಶಾಲೆಯನ್ನು ಕೆಡಿಸುತ್ತೆ.”

ಅದೇ ವಾರ ಅವಳಿಗೆ ಟಿ.ಸಿ. ಕೊಟ್ಟು ಕಳಿಸಿದಿರಿ. ‘ನಡತೆ’ ಎಂಬಲ್ಲಿ ನನ್ನ ಪೆನ್ನು ನಿಂತಿತು. “ಕೆಟ್ಟದ್ದು ಅಂತ ಬರಿ” ಎಂದಿರಿ. ಬರೆದೆ. ನನ್ನ ಅಕ್ಷರ ಎಷ್ಟು ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರಲ್ಲ, ಅದೇ ಅಕ್ಷರದಲ್ಲಿ.

ನೀವು ಕನ್ನಡ ಮೇಷ್ಟ್ರು. ಹಾಲು ಕೆಡುತ್ತದೆ, ಬಸ್ಸು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಒಂದೇ ಪದಕ್ಕೆ ಎಷ್ಟು ಅರ್ಥ ನೋಡಿ ಎಂದು ಪಾಠ ಮಾಡುತ್ತಿದ್ದಿರಿ. ಆ ವಾರ ಕೆಟ್ಟದ್ದು ಯಾವುದು ಎಂದು ಈಗ ಕೇಳಿದರೆ, ನಾವಿಬ್ಬರು ಎನ್ನುತ್ತೇನೆ. ಆ ಹುಡುಗಿ ಕೆಟ್ಟಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಪಕ್ಕ ಹೋಗಿ ಕೂತೆ. ಅವಳೇ ಮಾತು ತೆಗೆದಳು.

“ಅಮ್ಮಂಗೆ ಓದಕ್ಕೆ ಬರ್ತಿರ್ಲಿಲ್ಲ ಮೇಡಂ. ಏನ್ ಬರ್ದಿದಾರೆ ಅಂತ ಕೇಳಿದ್ಲು. ಒಳ್ಳೇದು ಅಂತ ಬರ್ದಿದಾರೆ ಅಂದೆ. ಅಮ್ಮ ಅದನ್ನೇ ಹಿಡ್ಕೊಂಡು ಇನ್ನೊಂದು ಸ್ಕೂಲಿಗೆ ಹೋದ್ಲು. ‘ನನ್ ಮಗಳ ನಡತೆ ಒಳ್ಳೇದು, ನೋಡಿ ಬೇಕಾದ್ರೆ’ ಅಂತ ಕೈಗೆ ಕೊಟ್ಲು. ಅವ್ರು ಎಲ್ರ ಮುಂದೆ ಜೋರಾಗಿ ಓದಿದ್ರು.”

ದೇವೀರಮ್ಮ ಮಗಳನ್ನು ನಂಬಲಿಲ್ಲವಂತೆ. ಓದಿದವರು ಬರೆದದ್ದು ಸುಳ್ಳಾಗುತ್ತದೆಯೇ ಎಂದಳಂತೆ. ಎರಡು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲವಂತೆ.

ತಪ್ಪಾಯಿತು ಕಣಮ್ಮ ಎಂದೆ. ಅವಳು ಬುತ್ತಿ ಮುಚ್ಚಿದಳು. “ತಪ್ಪಾಯ್ತು ಅನ್ನದು ನನಗ್ ಬೇಡ. ಅಷ್ಟೇ ದುಂಡಗೆ ನಿಜ ಬರ್ಕೊಡಿ ಮೇಡಂ.”

ಬರೆದಿದ್ದೇನೆ. ನಾಳೆ ಸೋಮವಾರ ಅವಳನ್ನು ಕರೆದುಕೊಂಡು ಶಿಕ್ಷಣ ಇಲಾಖೆಗೆ, ಅಲ್ಲಿಂದ ಪೊಲೀಸ್ ಠಾಣೆಗೆ ಹೋಗುತ್ತೇನೆ. ಬರೆದವಳು ನಾನು, ಬರೆಸಿದವರು ನೀವು, ಕಾರಣ ಚಂದ್ರಶೇಖರಪ್ಪ. ಮೂರು ಹೆಸರೂ ಇವೆ, ನನ್ನದೇ ಮೊದಲು. ನಿಮ್ಮ ಸನ್ಮಾನಕ್ಕೆ ಇನ್ನೂ ಹನ್ನೆರಡು ದಿನವಿದೆ. ಅಷ್ಟರೊಳಗೆ ನೀವೂ ಬಂದು ನಿಜ ಹೇಳಿದರೆ ಆ ಹುಡುಗಿಗೆ ಅನುಕೂಲ. ಬರುತ್ತೀರೆಂಬ ನಂಬಿಕೆ ನನಗಿಲ್ಲ.

ಇಂತಿ,
ಕಾತ್ಯಾಯಿನಿ

ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಟಿ.ಸಿ. ಬರೆದದ್ದಕ್ಕೆ ಹಿಂದಿನ ವರ್ಷ ನೀವು ಪೇಪರ್ ತಿದ್ದಲು ಮಂಗಳೂರಿಗೆ ಹೋಗಿದ್ದಾಗ ಅಧ್ಯಕ್ಷರು ನಮ್ಮ ಅಡುಗೆಮನೆಯವರೆಗೂ ಬಂದು ನನ್ನ ಕೈ ಹಿಡಿದು ಎಳೆದರು. ಹಿತ್ತಲ ಬಾಗಿಲಿನಿಂದ ಓಡಿ ತಪ್ಪಿಸಿಕೊಂಡೆ. ಆ ಹುಡುಗಿ ಹೇಳಿದ ಒಂದೊಂದು ಮಾತೂ ನಿಜ ಎಂದು ನನಗೆ ಆಗಲೇ ಗೊತ್ತಿತ್ತು. ನೀವು ಅವಳನ್ನು ನಂಬಿದರೆ ನನ್ನದನ್ನೂ ಹೇಳೋಣವೆಂದು ಮೂಲೆಯಲ್ಲಿ ಕೂತು ಕಾದೆ.