ನಾಲ್ಕನೆಯ ಸಲ ಬಂದ ಕೊನೆಯ ದಿನ

ಶಿಕಾರಿಪುರ
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ತಮ್ಮ ಗುರುಪ್ರಕಾಶ,

ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ರಾಣೆಬೆನ್ನೂರಿನ ಅಂಗಡಿಯಲ್ಲಿ ತಾಡಪಾಲಿನ ಕಟ್ಟುಗಳನ್ನು ನೀನೇ ಎತ್ತುತ್ತೀಯೆಂದು ಶೃತಿ ಫೋನಿನಲ್ಲಿ ಗೊಣಗಿದಳು. ಹೆಂಡತಿಯ ಮಾತು ಕೇಳು. ನಾನು ಗಟ್ಟಿಯಾಗಿದ್ದೇನೆ. ಅಂಬ್ಲಿಗೊಳ ಜಲಾಶಯ ತುಂಬಿದೆ, ಮೆಕ್ಕೆಜೋಳ ಚೆನ್ನಾಗಿದೆ.

ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆಂದು ಕಾಗದ ಬರೆಯುತ್ತಿದ್ದೇನೆ. ಮೊನ್ನೆ ನಮ್ಮ ಬೆಳೆಗಾರರ ಸಂಘದ ಸಭೆಯಿತ್ತು. ಜೋಳ ಹರಡಲು, ಮಳೆ ಬಂದರೆ ಮುಚ್ಚಲು ನೂರಿಪ್ಪತ್ತು ತಾಡಪಾಲು ಕೊಳ್ಳಬೇಕು. ಕಾರ್ಯದರ್ಶಿಯಾದ ನಾನೇ ಅಂಗಡಿಗಳಿಂದ ಬಂದ ಮೇಲ್‌ಗಳನ್ನೆಲ್ಲ ಸಭೆಗೆ ಓದಿ ಹೇಳಿದೆ, ನಿನ್ನದನ್ನೂ. ‘ಜಗತ್ತೇ ಬೆರಗಾದ ತಾಡಪಾಲು! ಹತ್ತು ವರ್ಷ ಹನಿ ನೀರೂ ಇಳಿಯದು! ಇಂದೇ ಕೊನೆಯ ದಿನ!!!’ ನಮ್ಮ ಸದಸ್ಯ ಜಯಪ್ಪನಿಗೆ ತಡೆಯಲಾಗಲಿಲ್ಲ: ‘ಅಕ್ಕಾರೆ, ಈ ಕೊನೇ ದಿನ ನಾಲ್ಕನೇ ಸಲ ಬಂತಲ್ರೀ! ಮುಗಿಯೋದು ಯಾವಾಗ ಕೇಳ್ರಿ.’ ವರದಮ್ಮ, ‘ಹತ್ತು ವರ್ಷ ನಮ್ಮನೆ ಹೆಂಚೇ ತಡೀಲಿಲ್ಲ. ಮುಂದಿಂದು ಓದ್ರಿ’ ಎಂದಳು. ಎಲ್ಲರೂ ನಕ್ಕರು. ನಾನು ಮುಂದಿನದನ್ನು ಓದಿದೆ. ಅದು ನನ್ನ ತಮ್ಮನ ಅಂಗಡಿಯೆಂದು ಹೇಳಲು ಬಾಯಿ ಬರಲಿಲ್ಲ. ಆ ನಾಚಿಕೆ ಇನ್ನೂ ಚುಚ್ಚುತ್ತಿದೆ. ನಿನ್ನ ಬಗ್ಗೆಯಲ್ಲ, ನನ್ನ ಬಗ್ಗೆ.

ನಿನಗೆ ಅಕ್ಷರ ತಿದ್ದಿಸಿದವಳು ನಾನು. ಆ ಮೇಲ್ ಯಾರೋ ಬರೆದುಕೊಟ್ಟದ್ದು, ನಿನ್ನ ದನಿಯಲ್ಲ. ಬರೆದವನಿಗೆ ಹೇಳು: ವಾರಪತ್ರಿಕೆಗಳ ಕೊನೆಯ ಪುಟದಲ್ಲಿ ‘ಏಳೇ ದಿನದಲ್ಲಿ ಬೋಳುತಲೆಗೆ ಕೂದಲು’ ಎಂಬುದನ್ನು ಓದುತ್ತ ಬೆಳೆದ ಜನ ನಾವು. ಕೂಗಿ ಹೊಗಳುವವನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ಆಗಲೇ ಕಲಿತಿದ್ದೇವೆ. ನೀನು ಕೊಟ್ಟ ತಾಡಪಾಲನ್ನು ನಾಲ್ಕು ಸುಗ್ಗಿ ಹಾಸಿದ್ದೇನೆ. ಹಗ್ಗ ಕಟ್ಟುವ ತೂತಿನ ಅಂಚು ಹರಿದದ್ದು ಬಿಟ್ಟರೆ ಇನ್ನೂ ಗಟ್ಟಿ. ಹತ್ತು ವರ್ಷ ಎಂದು ಬರೆಸಿದೆಯಲ್ಲ, ಈಗ ಈ ನಾಲ್ಕು ಸುಗ್ಗಿ ಎಂದರೂ ಯಾರೂ ನಂಬುವುದಿಲ್ಲ.

ಅಪ್ಪಾಜಿ ಹೇಗೆ ಮಾರುತ್ತಿದ್ದರು, ನೆನಪಿದೆಯೇ? ಅಂಗಡಿ ಮುಂದೆ ತಾಡಪಾಲಿನ ನಾಲ್ಕು ಮೂಲೆ ಕಟ್ಟಿ, ಎರಡು ಕೊಡ ನೀರು ಸುರಿದು, ಗಿರಾಕಿಗೆ ಚಹಾ ತರಿಸುವುದು. ಚಹಾ ಮುಗಿದ ಮೇಲೆ ಅವರ ಕೈಯನ್ನೇ ತಾಡಪಾಲಿನ ಅಡಿಗೆ ಒಯ್ದು, ‘ಇಲ್ಲಿ ಹೊಲಿಗೆ ಹತ್ರ ತೇವ ಬರ್ತದೆ ನೋಡ್ರಿ, ಮೇಣ ತಿಕ್ಕಬೇಕು’ ಎನ್ನುವುದು. ಸೊರಬದ ಕ್ಯಾಸನೂರಿನ ಹೂವಮ್ಮ ಒಂದು ಕೊಳ್ಳಲು ಬಂದವಳು, ‘ಸೋರೋ ಜಾಗ ತಾವೇ ತೋರಿಸ್ತಾರಲ್ಲ ಮಾರಾಯ್ರೆ! ಪಕ್ಕದ ಮನೆಯವ್ರಿಗೂ ಮೂರು ಕೊಡಿ’ ಎಂದಿದ್ದಳು. ಸೊರಬದ ಕಡೆಯವರು ಆಮೇಲೆ ಅಪ್ಪಾಜಿಯನ್ನು ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ಕೋಪ ಮಾಡಿಕೊಳ್ಳಬೇಡ. ನಿನ್ನನ್ನಲ್ಲದೆ ನಾನು ಬೇರೆ ಯಾರನ್ನು ಬೈಯಲಿ? ಶೃತಿಗೆ ನನ್ನ ನೆನಪು ಹೇಳು, ಮಗಳು ಸ್ಪಂದನಳ ತಲೆ ನೇವರಿಸು. ನಿಮ್ಮ ಮನೆಯಲ್ಲಿ ಸುಖ ಇರಲಿ.

ನಿನ್ನ ಅಕ್ಕ,
ನೀಲಾಂಬಿಕ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಜಯಪ್ಪ ಬಂದ. ಅದು ನನ್ನ ತಮ್ಮನ ಅಂಗಡಿಯೆಂದು ಹೇಳಿಬಿಟ್ಟೆ. ‘ಅಯ್ಯೋ, ಮೊದ್ಲೇ ಹೇಳಬಾರದೇನ್ರೀ! ಮನುಷ್ಯನ್ನ ಕರೆಸ್ರಿ, ಮಾತಾಡೋಣ’ ಎಂದ. ಬರುವ ಗುರುವಾರ ಆರ್ಡರ್ ಯಾರಿಗೆಂದು ತೀರ್ಮಾನ. ನೀನೇ ಬಾ. ತೂತಿನ ಅಂಚು ಹರಿಯುವುದನ್ನು ನೀನೇ ಮೊದಲು ಹೇಳು. ತಮ್ಮನೆಂದು ಹೇಳಿಯಾಗಿದೆ, ಇನ್ನು ನಿನ್ನ ಪರ ಕೈ ಎತ್ತುವ ಅಧಿಕಾರ ನನಗಿಲ್ಲ.