ಉಪಾಲಿಯ ಹಿಂದೆ ನಿಂತವರು

ರೋಣ
ತಾ. ೨೮-೪-೧೯೫೭

ಪೂಜ್ಯ ಮಹಾಲಿಂಗಪ್ಪ ಮಾಸ್ತರರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿ, ರೋಣದ ಕ್ಷೌರದ ಅಂಗಡಿಯ ಕಳಕಪ್ಪ ಮಾಡುವ ಶರಣು. ನಾನು, ಹೊನ್ನವ್ವ, ಮಕ್ಕಳು ಎಲ್ಲರೂ ಆರಾಮ ಇದ್ದೇವೆ. ನರಗುಂದದ ನೀರು ನಿಮಗೆ ಹಿಡಿಸಿದೆ ಎಂದು ಓದಿ ಸಂತೋಷವಾಯಿತು.

ನಿಮ್ಮ ಕಾಗದ ಬಂದಾಗ ಅಂಗಡಿಯಲ್ಲಿ ನಾಲ್ಕು ಮಂದಿ ಕೂತಿದ್ದರು. ದಿನಾ ಪೇಪರು ಓದಿ ಹೇಳುವ ಚಟ ನನಗೆ ಇದೆಯಲ್ಲ, ಅದೇ ಗುಂಗಿನಲ್ಲಿ ಕಾಗದವನ್ನೂ ಗಟ್ಟಿಯಾಗಿ ಓದಲು ಶುರು ಮಾಡಿದೆ. ಬರುವ ಆಗಿ ಹುಣ್ಣಿಮೆಗೆ, ಅಂದರೆ ಬುದ್ಧ ಹುಣ್ಣಿಮೆಗೆ, ನರಗುಂದದಲ್ಲಿ ನಿಮ್ಮ ಭಾಷಣ ಇದೆ, ವಿಷಯ ಬುದ್ಧನ ಶಿಷ್ಯ ಉಪಾಲಿ ಥೇರ, ಭಾಷಣ ಮುಗಿದ ಮೇಲೆ ಆತನ ಮಾತನ್ನು ನಡೆಯಲ್ಲಿ ತಂದ ರೋಣದ ಕಳಕಪ್ಪನಿಗೆ ಶಾಲು ಹೊದಿಸಿ ಸನ್ಮಾನ. ಅಲ್ಲಿಗೆ ನನ್ನ ದನಿ ನಿಂತಿತು. ಪಕ್ಕದ ಹೊಲಿಗೆ ಅಂಗಡಿಯ ಮೋದಿನಸಾಬ ಅಲ್ಲಿಂದಲೇ ಕೂಗಿದ, "ಯಾಕ ನಿಂತಿರಿ ಉಪಾಲಿ ಸಾಹೇಬ್ರ? ಶಾಲಿನ ಅಳತಿ ನಾ ತಗೋಳ್ಳೇನು?" ಎಲ್ಲರೂ ನಕ್ಕರು. ನಾನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ.

ಹುಣ್ಣಿಮೆ ದಿನ ಯಾರೂ ಕ್ಷೌರ ಮಾಡಿಸಿಕೊಳ್ಳುವುದಿಲ್ಲ, ನಿನ್ನ ಅಂಗಡಿ ಹೇಗೂ ಮುಚ್ಚಿರುತ್ತದೆ, ಬರಲು ಏನೂ ಅಡ್ಡಿಯಿಲ್ಲ ಎಂದು ನೀವೇ ಬರೆದಿದ್ದೀರಿ. ಖರೆ. ಅಂಗಡಿಯ ನೆವ ಹೇಳಲು ನೀವು ಜಾಗವನ್ನೇ ಬಿಟ್ಟಿಲ್ಲ. ಆದ್ದರಿಂದ ಇದ್ದದ್ದನ್ನೇ ಬರೆಯುತ್ತೇನೆ. ಸಿಟ್ಟು ಬಂದರೆ ಬರಲಿ.

ಹೋದ ವರ್ಷ ಬುದ್ಧನಿಗೆ ಎರಡು ಸಾವಿರದ ಐದು ನೂರು ವರ್ಷ ತುಂಬಿತೆಂದು ನೀವು ಸಾಲೆಯ ಅಂಗಳದಲ್ಲಿ ಏಳು ಸಂಜೆ, ದಿನಕ್ಕೊಬ್ಬ ಗುರುವಿನ ಕಥೆ ಹೇಳಿದಿರಿ. ಮೊದಲ ದಿನ ಚೂಳಪಂಥಕನದು. ನಾಲ್ಕು ತಿಂಗಳು ಕಲಿತರೂ ಒಂದು ಪದ್ಯ ಬಾಯಿಗೆ ಬಾರದ ದಡ್ಡ. ಅವನ ಕೈಗೆ ಬುದ್ಧ ಒಂದು ಬಿಳಿ ಬಟ್ಟೆ ಕೊಟ್ಟು ಉಜ್ಜುತ್ತ ಕೂಡು ಅಂದದ್ದು, ಬಟ್ಟೆ ಮಾಸಿದಂತೆ ಅವನ ಕಣ್ಣು ತೆರೆದದ್ದು. ಹೊನ್ನವ್ವನಿಗೆ ಆ ಕಥೆ ಭಾಳ ಸೇರಿತು. "ಅರಿವಿ ಒಗದ್ರ ಜ್ಞಾನ ಬರ್ತದಂದ್ರ ನಾ ಎಂದೋ ಬುದ್ಧ ಆಗಬೇಕಿತ್ತು" ಎಂದು ಈಗಲೂ ಹಳ್ಳಕ್ಕೆ ಹೋಗುವಾಗ ಅನ್ನುತ್ತಾಳೆ. ನನ್ನನ್ನು ಹಿಡಿದದ್ದು ನಾಗಸೇನ. ಗ್ರೀಕರ ಅರಸ ಅವನನ್ನು ಕೇಳುತ್ತಾನೆ, ನಾಗಸೇನ ಅಂದರೆ ಯಾವುದು, ಈ ತಲೆಗೂದಲೇ, ಈ ಉಗುರೇ, ಈ ಹಲ್ಲೇ? ಅಲ್ಲ, ಅಲ್ಲ ಅನ್ನುತ್ತಾನೆ ನಾಗಸೇನ. ಮರುದಿನ ಅಂಗಡಿಯ ಕಸ ಹೊಡೆಯುವಾಗ ನಾನು ಸುಮ್ಮನೆ ನಿಂತೆ. ಗೌಡರದು, ಅಡತಿ ಅಂಗಡಿಯವರದು, ಜಕ್ಕಲಿಯ ರೈತರದು, ಎಲ್ಲರ ಕೂದಲೂ ಒಂದೇ ಗುಪ್ಪೆಯಾಗಿ ಬಿದ್ದಿತ್ತು. ಇಷ್ಟು ವರ್ಷ ಅದನ್ನು ಗುಡಿಸಿದವನು ನಾನೇ, ನೋಡಿದ್ದು ಅಂದೇ.

ನಾಲ್ಕನೆಯ ಸಂಜೆ ಉಪಾಲಿ. ಶಾಕ್ಯರ ಆರು ಮಂದಿ ರಾಜಕುಮಾರರು ಮನೆ ಬಿಟ್ಟು ಹೊರಡುತ್ತಾರೆ, ಸಂಗಡ ಅವರ ಕ್ಷೌರಿಕ ಉಪಾಲಿ. ಗಡಿ ದಾಟಿ ಒಡವೆಗಳನ್ನೆಲ್ಲ ಬಿಚ್ಚಿ ಅವನ ಕೈಗೆ ಕೊಟ್ಟು, ಇನ್ನು ನೀನು ತಿರುಗಿ ಹೋಗು ಅನ್ನುತ್ತಾರೆ. ಅವನು ಆ ಗಂಟನ್ನು ಗಿಡಕ್ಕೆ ತೂಗುಹಾಕಿ, ಬೇಕಾದವರು ಒಯ್ಯಲಿ ಎಂದು ಅವರ ಬೆನ್ನು ಹತ್ತುತ್ತಾನೆ. ಬುದ್ಧನ ಮುಂದೆ ನಿಂತಾಗ ಆ ಕುಮಾರರು ಕೇಳಿಕೊಳ್ಳುತ್ತಾರೆ: ನಮ್ಮದು ಸೊಕ್ಕಿನ ಕುಲ, ಮೊದಲು ಇವನಿಗೆ ದೀಕ್ಷೆ ಕೊಡಿರಿ, ಆಮೇಲೆ ನಮಗೆ. ಸಂಘದಲ್ಲಿ ಮೊದಲು ಬಂದವನು ಹಿರಿಯ. ಹಾಗಾಗಿ ಆರು ಮಂದಿಯೂ ಉಪಾಲಿಯ ಕಾಲಿಗೆ ಬಿದ್ದರು. ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಐನೂರು ಮಂದಿ ಭಿಕ್ಷುಗಳು ಕೂಡಿದಾಗ ಸಂಘದ ನಿಯಮಗಳನ್ನೆಲ್ಲ ಒಪ್ಪಿಸಿದವನೂ ಅವನೇ.

ನೀವು ಇದನ್ನು ಹೇಳುತ್ತಿದ್ದಾಗ ಇಡೀ ಅಂಗಳ ತಿರುಗಿ ನನ್ನನ್ನು ನೋಡಿತು. ನಾನು ಹುಟ್ಟಿದಾಗಿನಿಂದ ಅಷ್ಟು ಮಂದಿ ನನ್ನನ್ನು ಹಾಗೆ ನೋಡಿದ್ದಿಲ್ಲ. ಮುಂಜಾನೆ ಎದ್ದ ಕೂಡಲೆ ಹಡಪದವನ ಮುಖ ನೋಡಬಾರದು ಎಂದು ಓಣಿ ತಪ್ಪಿಸಿ ಹೋಗುವವರೇ ಆ ದಿನ ನನ್ನನ್ನು ನೋಡಿದರು. ಮನೆಗೆ ಬಂದು ಅತ್ತುಬಿಟ್ಟೆ ಮಾಸ್ತರರೇ. ಇದನ್ನು ಯಾರಿಗೂ ಹೇಳಿಲ್ಲ.

ಆ ವಾರವೇ ಅಂಗಡಿಯಲ್ಲಿ ಸರದಿ ತಂದೆ. ಅದಕ್ಕೂ ಮೊದಲು ಗೌಡರ ಮನೆಯವರು ಬಂದರೆ ಅರ್ಧ ಗಡ್ಡ ತೆಗೆಸಿಕೊಂಡವನು ಸಾಬೂನು ಹಚ್ಚಿದ ಮುಖ ಹೊತ್ತುಕೊಂಡೇ ಎದ್ದು ನಿಲ್ಲುತ್ತಿದ್ದ. ಅದು ಯಾರಿಗೂ ಹೊಸದಾಗಿ ಕಾಣುತ್ತಿರಲಿಲ್ಲ. ಗೌಡರ ಅಳಿಯ ಬಂದಾಗ ನಾನು, "ಸರದಿ ಐತ್ರಿ, ಇನ್ನ ಇಬ್ಬರ ಆದ ಮ್ಯಾಲೆ ನಿಮ್ಮದರಿ" ಅಂದೆ. ಕತ್ತಿಯ ಕೆಳಗೆ ಕೂತಿದ್ದವನು ಏಳಲು ಹೊರಟ, ಹೆಗಲು ಹಿಡಿದು ಕೂಡಿಸಿದೆ. ಅಳಿಯ ಅರ್ಧ ತಾಸು ಪೇಪರು ಓದುತ್ತ ಕೂತ. ಅದನ್ನು ನೀವು ಕಣ್ಣಾರೆ ಕಂಡಿರಿ, ಬೆನ್ನು ಚಪ್ಪರಿಸಿದಿರಿ. ಮುಂದಿನ ತಿಂಗಳು ನಿಮಗೆ ವರ್ಗವಾಯಿತು. ಇಲ್ಲಿಯವರೆಗಿನ ಕಳಕಪ್ಪನಿಗೆ ಶಾಲು ಹೊದಿಸಿದರೆ ನನ್ನ ತಕರಾರಿಲ್ಲ.

ಮಹಾನವಮಿಗೆ ಎಂಟು ದಿನ ಇತ್ತು. ಮಧ್ಯಾಹ್ನ ಮೂರು ಗಂಟೆ. ಹರಿಜನ ಕೇರಿಯ ದ್ಯಾಮಪ್ಪ ಬಂದ. ನಿಮ್ಮ ವಯಸ್ಕರ ಸಾಲೆಯಲ್ಲಿ ನನ್ನ ಸಂಗಡವೇ ಅಕ್ಷರ ಕಲಿತವನು. ಆ ಏಳೂ ಸಂಜೆ ಬೇವಿನ ಗಿಡದ ಆಚೆ, ಗೋಡೆಯ ಹೊರಗೆ ನಿಂತು ಕೇಳಿದವನು. ಒಳಗೆ ಬಾ ಎಂದು ನೀವೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಮರುದಿನ ಹೊಳೆಆಲೂರು ಸ್ಟೇಶನ್ನಿನಲ್ಲಿ ರೈಲ್ವೆ ಗ್ಯಾಂಗಿಗೆ ಆಳು ತೆಗೆದುಕೊಳ್ಳುವವರಿದ್ದರು, ಡಾಕ್ಟರು ನೋಡುವವರಿದ್ದರು. ಕೂದಲು ಕಿವಿ ಮುಚ್ಚಿತ್ತು. ಬಾಗಿಲ ಹೊರಗೆ ನಿಂತು ಕೇಳಿದ, "ಕಳಕಪ್ಪಣ್ಣಾ, ನನ್ನ ಸರದಿ ಎಷ್ಟನೇದ್ದು?"

ಒಳಗೆ ಮೂವರು ಇದ್ದರು. ಮೂವರೂ ನನ್ನ ಬಾಯಿ ನೋಡಿದರು. ನಾನು ಅಂದೆ, "ಕತ್ತರಿ ಮೊಂಡ ಆಗ್ಯಾವೋ ದ್ಯಾಮಾ. ಸಾಣಿ ಹಿಡಸಬೇಕು. ನಾಳಿ ಬಾ."

ಅದನ್ನು ಹೇಳುವಾಗ ನನ್ನ ಕೈಯಲ್ಲಿ ಕತ್ತರಿ ಕಚಕಚ ಆಡುತ್ತಿತ್ತು ಮಾಸ್ತರರೇ. ಅವನು ಕತ್ತರಿ ನೋಡಿದ, ನನ್ನನ್ನು ನೋಡಿದ. "ನಾಳಿ ನಾ ಹೊಳೆಆಲೂರಾಗ ಇರ್ತೀನಿ ಅಣ್ಣಾ" ಅಂದು ಹೋದ. ದನಿ ಏರಿಸಲಿಲ್ಲ. ಅಸ್ಪೃಶ್ಯತೆಯ ವಿರುದ್ಧ ಕಾಯದೆ ಬಂದು ಒಂದು ವರ್ಷ ದಾಟಿತ್ತು, ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದವನು, "ಚಲೋ ಮಾಡಿದಿ ಬಿಡು" ಅಂದ. ಆ ಮಾತು ಕೇಳಿದಾಗಲೇ ನಾನು ಏನು ಮಾಡಿದೆ ಎಂದು ನನಗೆ ತಿಳಿದದ್ದು. ಕತ್ತಿ ಮಸೆಯಲು ಗೋಡೆಗೆ ತೂಗುಬಿಟ್ಟ ತೊಗಲಿನ ಪಟ್ಟಿ ಇದೆಯಲ್ಲ, ಅದು ದ್ಯಾಮಪ್ಪನ ಅಪ್ಪ ಹದ ಮಾಡಿ ಕೊಟ್ಟದ್ದು. ಅವರ ತೊಗಲು ನನ್ನ ಅಂಗಡಿಗೆ ನಡೆಯುತ್ತದೆ, ಅವರ ತಲೆ ನಡೆಯುವುದಿಲ್ಲ. ಅಂದು ಸಂಜೆಯವರೆಗೆ ನಾನು ಆ ಪಟ್ಟಿಯ ಕಡೆ ನೋಡದೆ ಕೆಲಸ ಮಾಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಅಂಜುಬುರುಕ ಅನ್ನಿಸಿಕೊಳ್ಳುತ್ತಿದ್ದೆ. ದೀಪಾವಳಿಗೆ ನಿಮಗೆ ಒಂದು ಕಾಗದ ಬರೆದೆ, ನೆನಪಿರಬೇಕು. "ಯಾರು ಬಂದರೂ ಸರದಿಯ ಪ್ರಕಾರವೇ ಕೂಡಿಸುತ್ತೇನೆ, ನೀವು ಹೇಳಿದ ಉಪಾಲಿಯನ್ನು ಮರೆತಿಲ್ಲ" ಎಂದು ಬರೆದಿದ್ದೆ. ದ್ಯಾಮಪ್ಪನನ್ನು ತಿರುಗಿ ಕಳಿಸಿ ಒಂದು ತಿಂಗಳೂ ಆಗಿರಲಿಲ್ಲ. ಯಾರು ಬಂದರೂ ಎಂಬ ಎರಡು ಶಬ್ದ ಸುಳ್ಳು. ನೀವು ನನ್ನನ್ನು ದೊಡ್ಡವನೆಂದು ತಿಳಿಯಲಿ ಎಂಬ ಆಸೆಗೆ ಬರೆದದ್ದು. ನೀವು ನಂಬಿದಿರಿ, ಆ ಎರಡು ಶಬ್ದದ ಮೇಲೆಯೇ ನರಗುಂದದಲ್ಲಿ ಮಂಟಪ ಹಾಕುತ್ತಿದ್ದೀರಿ. ನನಗೆ ಭಾಳ ನಾಚಿಕೆಯಾಗಿದೆ.

ನಿಮ್ಮ ಕಾಗದ ಬಂದ ಮರುದಿನ ಹೊನ್ನವ್ವನ ಮುಂದೆ ಎಲ್ಲ ಹೇಳಿದೆ. ಗಜೇಂದ್ರಗಡದಲ್ಲಿ ನನ್ನ ಮೈದುನನ ಅಂಗಡಿ ಇದೆ, ಅಲ್ಲಿಗೇ ಹೋಗಿಬಿಡೋಣ, ಇಲ್ಲಿಯ ಗೊಡವೆಯೇ ಬೇಡ ಅಂದೆ. ಅವಳು ರೊಟ್ಟಿ ತಟ್ಟುತ್ತ, "ಗಜೇಂದ್ರಗಡದಾಗ ದ್ಯಾಮಪ್ಪಗೋಳು ಇಲ್ಲೇನು?" ಅಂದಳು. ಕಾಡಿಗೆ ಹೋಗಿ ಒಬ್ಬನೇ ಇರುತ್ತೇನೆ ಎಂದು ಉಪಾಲಿ ಕೇಳಿದಾಗ, ಬೇಡ, ಮಂದಿಯ ನಡುವೆಯೇ ಇರು ಎಂದು ಬುದ್ಧ ಹೇಳಿದನಂತೆ. ನಿಮ್ಮ ಕಥೆಯಲ್ಲಿ ಅದನ್ನೂ ಕೇಳಿದ್ದೆ. ನನಗೆ ಅದನ್ನು ಹೇಳಲು ಹೊನ್ನವ್ವ ಸಾಕಾದಳು.

ಕತ್ತಿ ಕತ್ತರಿಯ ಹಡಪ ಹೆಗಲಿಗೆ ಹಾಕಿಕೊಂಡು ಹೊಳೆಆಲೂರಿಗೆ ಹೋದೆ. ದ್ಯಾಮಪ್ಪ ಗ್ಯಾಂಗಿನಲ್ಲಿದ್ದಾನೆ, ಕೆಲಸ ಸಿಕ್ಕಿತ್ತು. ಅಂದು ಮನೆಯಲ್ಲಿ ಹೆಂಡತಿಯ ಕೈಯಲ್ಲಿ ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ಕೂದಲು ತೆಗೆಸಿಕೊಂಡು ಹೋಗಿದ್ದನಂತೆ. ಡಾಕ್ಟರು, "ಏನಪ್ಪಾ, ತಲಿ ಮ್ಯಾಲೆ ಆಡು ಮೇಯ್ದಾವೇನು?" ಅಂದರಂತೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರಂತೆ. ಅದನ್ನು ಅವನು ನಗುತ್ತಲೇ ಹೇಳಿದ, ನನಗೆ ನಗು ಬರಲಿಲ್ಲ. ಸ್ಟೇಶನ್ನಿನ ಹೊರಗೆ ಗಿಡದ ಕೆಳಗೆ ಅರಿವೆ ಹಾಸಿದೆ. ತಪ್ಪಾಯಿತು, ಕೂಡು, ಇಲ್ಲೇ ಎಲ್ಲರ ಎದುರಿಗೆ ಕೂದಲು ತೆಗೆಯುತ್ತೇನೆ ಅಂದೆ.

ಅವನು ಕೂಡಲಿಲ್ಲ. "ಇಲ್ಲಿ ನಿನ್ನ ಗುರತಾ ಯಾರಿಗೈತಿ ಅಣ್ಣಾ? ನಮ್ಮ ಗ್ಯಾಂಗಿಗೆ ಒಬ್ಬ ಬರ್ತಾನ, ಎಲ್ಲಾರದೂ ಮಾಡ್ತಾನ. ನನಗ ಕ್ಷೌರ ಬೇಕಾಗಿಲ್ಲ. ರೋಣದಾಗ, ನಿನ್ನ ಬೆಂಚಿನ ಮ್ಯಾಲೆ, ನನ್ನ ಸರದಿ ಬೇಕಾಗೇತಿ" ಅಂದ. ಅರಿವೆಯನ್ನು ಝಾಡಿಸಿ, ಮಡಚಿ ನನ್ನ ಕೈಗೆ ಅವನೇ ಕೊಟ್ಟ. ಹುಣ್ಣಿಮೆಯ ಹಿಂದಿನ ಸಂತೆಯ ದಿನ ಅವನಿಗೆ ರಜೆ ಇದೆ. ಬರುತ್ತೇನೆ ಅಂದಿದ್ದಾನೆ. ನಾನು ಬಾ ಅಂದಿದ್ದೇನೆ.

ಬರುವಾಗ ದಾರಿಯುದ್ದಕ್ಕೂ ಒಂದೇ ವಿಚಾರ. ವರ್ಷವೆಲ್ಲ ನಾನು ಉಪಾಲಿ, ನಾನು ಉಪಾಲಿ ಎಂದು ಬೀಗಿಕೊಂಡೆ. ಆದರೆ ಆ ಕಥೆಯಲ್ಲಿ ಉಪಾಲಿ ಮುಂದೆ ನುಗ್ಗಲಿಲ್ಲ. ಆರು ಮಂದಿ ಹಿಂದೆ ಸರಿದು ನಿಂತರು, ಅದಕ್ಕೇ ಅವನು ಮುಂದಾದ. ಗೌಡರ ಅಳಿಯನ ಎದುರಿಗೆ ನಾನು ಉಪಾಲಿ ಇರಬಹುದು. ದ್ಯಾಮಪ್ಪನ ಎದುರಿಗೆ ನಾನೂ ಒಬ್ಬ ರಾಜಕುಮಾರ, ಒಡವೆ ಬಿಚ್ಚಿ ಕೊಡಲಾರದವನು.

ಆ ದಿನ ಏನಾಗುತ್ತದೆ ನನಗೆ ಗೊತ್ತಿದೆ. ದ್ಯಾಮಪ್ಪ ಕುರ್ಚಿಗೆ ಬಂದ ಕೂಡಲೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಸುಗ್ಗಿಯಲ್ಲಿ ಕಾಳು ಕೊಡುವ ಮನೆಗಳು ಬಾಗಿಲು ಹಾಕುತ್ತವೆ. ಮೋದಿನಸಾಬನೊಬ್ಬ ಬರುತ್ತೇನೆ ಅಂದಿದ್ದಾನೆ, ಆದರೆ ಅವನಿಗೆ ತಲೆಯಲ್ಲಿ ಕೂದಲಿಲ್ಲ, ಗಡ್ಡ ತೆಗೆಸುವುದಿಲ್ಲ. ಹೊನ್ನವ್ವ ಒಂದೇ ಮಾತು ಅಂದಳು, "ಮೊದಲ ಮಾಸ್ತರಗ ಖರೇ ಬರಿ. ಆಮ್ಯಾಲೆ ಕತ್ತಿ ಹಿಡಿ." ಅದಕ್ಕೇ ಈ ಕಾಗದ.

ಹುಣ್ಣಿಮೆಗೆ ನಾನು ನರಗುಂದಕ್ಕೆ ಬರುವುದಿಲ್ಲ. ನೀವು ಭಾಷಣ ಮಾಡಿರಿ, ಉಪಾಲಿಯನ್ನು ನಿಮ್ಮಷ್ಟು ಚಂದ ಹೇಳುವವರು ಇಲ್ಲ, ನನ್ನ ಹೆಸರು ಮಾತ್ರ ಎತ್ತಬೇಡಿರಿ. ಆದರೆ ಅದಕ್ಕಿಂತ ಮೊದಲು, ಆ ಸಂತೆಯ ದಿನ ಒಂದು ತಾಸು ರೋಣಕ್ಕೆ ಬನ್ನಿರಿ. ಜಾತಿಯಿಂದ, ಓದಿನಿಂದ ನೀವು ನನ್ನ ಅಂಗಡಿಯಲ್ಲಿ ಎಲ್ಲರಿಗಿಂತ ಮೊದಲು ಕೂಡುವವರು. ಅಂದು ದ್ಯಾಮಪ್ಪನ ಹಿಂದಿನ ಸರದಿ ಹಿಡಿದು ಬೆಂಚಿನ ಮೇಲೆ ಕೂಡಬೇಕು. ಅವನಾದ ಮೇಲೆ ನಿಮಗೂ ಅದೇ ಕುರ್ಚಿ, ಅದೇ ಅರಿವೆ, ಅದೇ ಕತ್ತಿ. ನೀರು ಬೇಕಾದರೆ ಬದಲಿಸುತ್ತೇನೆ, ಅದನ್ನು ಎಲ್ಲರಿಗೂ ಬದಲಿಸುತ್ತೇನೆ.

ನೀವು ಬರದಿದ್ದರೂ ಅವನನ್ನು ಕೂಡಿಸುತ್ತೇನೆ. ಆದರೆ ಬಾಗಿಲ ಕಡೆ ನೋಡುತ್ತಿರುತ್ತೇನೆ.

ಮನೆಯಲ್ಲಿ ಬಾಯಿಯವರಿಗೆ ಶರಣು ಹೇಳಿರಿ, ಮಕ್ಕಳು ಚಲೋ ಓದಲಿ. ನಿಮ್ಮ ಬಾಯಿಂದ ಬಂದ ಕಥೆ ನಿಮ್ಮನ್ನೂ ಕಾಯಲಿ, ನನ್ನನ್ನೂ ಕಾಯಲಿ.

ಅಕ್ಷರ ಕಲಿಸಿದ ಋಣದಲ್ಲಿರುವ,
ಕಳಕಪ್ಪ